ಬೆಳ್ಳಿತೆರೆಗೊಬ್ಬ ಸಾರಥಿ

ಭೀಮಾತೀರದ ಊರುಗಳಲ್ಲಿ ದೊಡ್ಡಾಟವನ್ನು ಕಂಡವರಿಗೆ ಸಾರಥಿಯ ಪರಿಚಯವನ್ನು ಮಾಡಿಕೊಡಬೇಕಾದುದಿಲ್ಲ. ವೇಷಧಾರಿಯು ಎಷ್ಟೇ ದೊಡ್ಡ ಕಿರೀಟವನ್ನು ಧರಿಸಿ, ಎಷ್ಟೇ ಆರ್ಭಟದಿಂದ ಕುಣಿದು ಬರಲಿ, ಸಾರಥಿಯು ಅವನನ್ನು ತಡೆದು ನಿಲ್ಲಿಸಿ, ತಾವಾರು, ಯಾವ ಪಟ್ಟಣವನ್ನಾಳುವವರು, ಈ ಸಭೆಗೆ ಬಂದ ಕಾರಣವೇನು ಎಂದು ವಿಚಾರಿಸದೆ ಬಿಡುವುದಿಲ್ಲ. ಅರಸನಿಗೆ ತಾನಾರೆಂಬುದು ಗೊತ್ತೇ ಇರುತ್ತದೆ; ಗೊತ್ತಾಗಬೇಕಾದುದು ಕಂಬಳಿ ಹೊದ್ದು ನೆಲದ ಮೇಲೆ ಕುಳಿತ ಜನಕ್ಕೆ. ಅವರ ಪರವಾಗಿ ಕೇಳುವವನು ಸಾರಥಿ. ನಡುರಾತ್ರಿಯಲ್ಲಿ ತೂಕಡಿಸಿ ಎಚ್ಚತ್ತವನಿಗೂ ಕಥೆಯ ಎಳೆಯು ಮರಳಿ ಸಿಕ್ಕುವುದು ಅವನಿಂದಲೇ.

ಚಲಚ್ಚಿತ್ರವು ಈ ಸೀಮೆಗೆ ಬಂದಾಗ ಸಾರಥಿಯನ್ನು ಕರೆತರಲಿಲ್ಲ. 1896ನೆಯ ಇಸವಿಯ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಲ್ಯೂಮಿಯೇರ್ ಸೋದರರ ಚಿತ್ರಗಳು ತೆರೆಯ ಮೇಲೆ ಮೂಡಿದವು. 1913ರಲ್ಲಿ ದಾದಾಸಾಹೇಬ ಫಾಳಕೆಯವರ ‘ರಾಜಾ ಹರಿಶ್ಚಂದ್ರ’ವು ಪ್ರದರ್ಶಿತವಾಯಿತು. ಮೂಕಚಿತ್ರಗಳ ಆ ಕಾಲದಲ್ಲಿ ತೆರೆಯ ಮೇಲಿನ ಬರಹವನ್ನು ಓದಬಲ್ಲವರು ಓದಲಾರದವರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದುದುಂಟು. ಜಪಾನದಲ್ಲಂತೂ ತೆರೆಯ ಪಕ್ಕದಲ್ಲಿ ನಿಂತು ಕಥೆ ಹೇಳುವ ‘ಬೆನ್ಶಿ’ಗಳು ನಟರಷ್ಟೇ ಹೆಸರುವಾಸಿಗಳಾಗಿದ್ದರು. 1931ರಲ್ಲಿ ‘ಆಲಂ ಆರಾ’, 1934ರಲ್ಲಿ ‘ಸತಿ ಸುಲೋಚನಾ’ ಬಂದು ಚಿತ್ರಗಳು ಮಾತನಾಡತೊಡಗಿದ ಮೇಲೆ ಈ ಮಧ್ಯಸ್ಥನ ಕೆಲಸವು ತೀರಿತು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ದಖನಿ, ಸೊಲ್ಲಾಪುರದ ಕಡೆಗೆ ಹೊರಟರೆ ಮರಾಠಿ, ನಿಜಾಮರ ಆಳಿಕೆಯು ಮುಗಿದ 1948ರ ವರೆಗೆ ಕಚೇರಿಯಲ್ಲಿ ಉರ್ದು, ಹೀಗೆ ನಾಲ್ಕು ನುಡಿಗಳ ನಡುವೆ ಬಾಳಿದ ಅಫಜಲಪುರ, ಆಳಂದ, ಜೇವರ್ಗಿಗಳ ಜನಕ್ಕೆ ಬೋಲಪಟದ ಮಾತು ಎಷ್ಟರ ಮಟ್ಟಿಗೆ ತಮ್ಮದೆನಿಸಿತೆಂಬುದನ್ನು ವಾಚಕರೇ ಊಹಿಸಬಹುದು. ತೆರೆಗೆ ಬಾಯಿ ಬಂದಿತೇ ಹೊರತು ಕಿವಿ ಬರಲಿಲ್ಲ. ನೋಡುವವನ ಪ್ರಶ್ನೆಯು ಅದಕ್ಕೆ ಮುಟ್ಟುವಂತಿಲ್ಲ.

ಈ ಕೊರತೆಯನ್ನು ತುಂಬುವ ದೊಡ್ಡ ಪ್ರಯತ್ನವು ಕನ್ನಡನಾಡಿನಲ್ಲಿ ನಡೆದುದು ಒಂದು ಹಳ್ಳಿಯಲ್ಲಿ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹವ್ಯಾಸಿ ನಾಟಕದವರ ಕೂಟವಾಗಿ ಹುಟ್ಟಿದ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘವು, ಎಂದರೆ ಎಲ್ಲರೂ ಬಲ್ಲ ನೀನಾಸಮ್, 1973ರಲ್ಲಿ ಕೆ. ವಿ. ಸುಬ್ಬಣ್ಣನವರ ಮುಂದಾಳುತನದಲ್ಲಿ ಚಿತ್ರಸಮಾಜವೊಂದನ್ನು ಕಟ್ಟಿತು. 1947ರಲ್ಲಿ ಸತ್ಯಜಿತ ರಾಯ್, ಚಿದಾನಂದ ದಾಸಗುಪ್ತ ಮೊದಲಾದವರು ಕಲಕತ್ತೆಯಲ್ಲಿ ಆರಂಭಿಸಿದ್ದ ಫಿಲ್ಮ್ ಸೊಸೈಟಿಯ ಮಾದರಿಯು ಆ ವೇಳೆಗೆ ದೊಡ್ಡ ನಗರಗಳಿಗೆ ಹಬ್ಬಿತ್ತು. ಆದರೆ ಅದು ಬಹುಮಟ್ಟಿಗೆ ಇಂಗ್ಲಿಷು ಬಲ್ಲವರ ಸಂಜೆಯ ಕೂಟವಾಗಿತ್ತು. ಸುಬ್ಬಣ್ಣನವರು ಅದನ್ನು ಅಡಿಕೆತೋಟದ ಊರಿಗೆ ತಂದು, ಜಗತ್ತಿನ ಉತ್ತಮೋತ್ತಮ ಚಿತ್ರಗಳನ್ನು ಹಳ್ಳಿಯವರ ಮುಂದಿಟ್ಟರು. ಪುಣೆಯಲ್ಲಿ 1964ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯದಿಂದ ಪಿ. ಕೆ. ನಾಯರ್ ಅವರು ಸುರುಳಿಗಳನ್ನು ಒದಗಿಸಿದರು. ಅಲ್ಲಿಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಪ್ರಾಧ್ಯಾಪಕ ಸತೀಶ ಬಹಾದೂರರು ಹೆಗ್ಗೋಡಿಗೆ ಬಂದು ಚಿತ್ರರಸಗ್ರಹಣದ ಶಿಬಿರಗಳನ್ನು ನಡೆಸಿದರು. ‘ಪಥೇರ್ ಪಾಂಚಾಲಿ’, ‘ರಾಶೋಮೋನ್’, ‘ಬೈಸಿಕಲ್ ಥೀವ್ಸ್’ ಎಂಬ ಹೆಸರುಗಳು ಅಲ್ಲಿಯ ಕೃಷಿಕರ ಬಾಯಲ್ಲಿ ಸಲೀಸಾಗಿ ಹೊರಳುವಂತಾದುವು. 2012ರಲ್ಲಿ ನಾಯರ್ ಅವರನ್ನು ಕುರಿತು ಬಂದ ‘ಸೆಲ್ಯುಲಾಯ್ಡ್ ಮ್ಯಾನ್’ ಚಿತ್ರದಲ್ಲಿ ಹೆಗ್ಗೋಡಿನವರು ತಾವು ಹಿಂದೆ ನೋಡಿದ ಚಿತ್ರಗಳನ್ನು ನೆನೆಯುವುದನ್ನು ಇಂದಿಗೂ ಕಾಣಬಹುದು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೇಸೆ ಪ್ರಶಸ್ತಿಯು ಬಂದಿತು.

ಇಂಥ ಚಿತ್ರಗಳು ಒಕ್ಕಲಿಗರಿಗೆ ತಿಳಿಯುವುದೆಂತು ಎಂದು ಓದಿದವರು ಕೇಳುವುದುಂಟು. ಆ ಸಂಶಯವು ಅಷ್ಟು ಗಟ್ಟಿಯಾದುದಲ್ಲ. ‘ರಾಶೋಮೋನ್’ನಲ್ಲಿ ಒಂದು ಸಾವು, ಅದರ ನಾಲ್ಕು ಕಥೆಗಳು, ಹೇಳುವ ಒಬ್ಬೊಬ್ಬನೂ ತನ್ನ ಮಾನವನ್ನು ಕಾಯ್ದುಕೊಂಡೇ ಹೇಳುತ್ತಾನೆ. ಹೊಲದ ಬದುವಿನ ತಂಟೆಗಾಗಿ ಕೋರ್ಟಿನ ಕಟ್ಟೆಯ ಮೇಲೆ ಕುಳಿತೆದ್ದವನಿಗೆ ಇದನ್ನು ಕಲಿಸಬೇಕೆ? ‘ಬೈಸಿಕಲ್ ಥೀವ್ಸ್’ನ ಬಡವನಿಗೆ ಸೈಕಲ್ಲೊಂದಿದ್ದರೆ ಕೂಲಿ, ಇಲ್ಲದಿದ್ದರೆ ಇಲ್ಲ, ಅದು ಕಳುವಾಗುತ್ತದೆ, ಕಡೆಗೆ ಅವನೇ ಮಗನ ಕಣ್ಣೆದುರಿಗೆ ಮತ್ತೊಬ್ಬರ ಸೈಕಲ್ಲಿಗೆ ಕೈಯಿಕ್ಕಿ ಸಿಕ್ಕಿಬೀಳುತ್ತಾನೆ. ಬಿತ್ತುವ ಹೊತ್ತಿಗೆ ಎತ್ತನ್ನು ಕಳೆದುಕೊಂಡ ಮನೆಯವರು ರೋಮ್ ನಗರವನ್ನು ಕಾಣದಿದ್ದರೂ ಆ ತಂದೆಯ ಮೋರೆಯನ್ನು ಬಲ್ಲರು. ಅವರನ್ನು ತಡೆಯುವುದು ಪರಭಾಷೆ, ಪರದೇಶದ ನಡೆನುಡಿಗಳ ತೆಳುವಾದ ಪರದೆಯೊಂದೇ. ಅದನ್ನು ಸರಿಸಲು ಒಬ್ಬ ಮನುಷ್ಯನು ಬೇಕು. ಕೆಲವರು ನಡುವೆ ನಿದ್ರೆಹೋಗುವರೆಂಬುದೂ ನಿಜವೇ. ದೊಡ್ಡಾಟದಲ್ಲಿಯೂ ನಿದ್ರೆಹೋಗುವರು, ಅದಕ್ಕಾಗಿ ಆಟವನ್ನು ಯಾರೂ ನಿಲ್ಲಿಸಿದ್ದಿಲ್ಲ.

ಚಿತ್ರಕ್ಕೆ ಮಾತನ್ನು ಜೋಡಿಸುವ ಪದ್ಧತಿಯಾದರೂ ಈ ನದಿಗೆ ಹೊಸದಲ್ಲ. ಅಫಜಲಪುರ, ಜೇವರ್ಗಿಗಳ ಸೀಮೆಯನ್ನು ಹಾಯ್ದು ಭೀಮೆಯು ಹರಿದುಹೋಗುವ ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ, 1990ರ ದಶಕದ ಉತ್ಖನನದಿಂದ ಬೌದ್ಧಸ್ತೂಪವೊಂದರ ಶಿಲಾಫಲಕಗಳು ದೊರೆತಿವೆ. ಅವುಗಳಲ್ಲೊಂದರಲ್ಲಿ ಅರಸನೂ ಪರಿವಾರದ ಹೆಂಗಳೂ ಇದ್ದಾರೆ. ನೋಡುವವರು ಗುರುತಿಸದೆ ಹೋದಾರೆಂದೋ ಏನೋ, ಶಿಲ್ಪಿಯು ಅಲ್ಲಿಯೇ ಬ್ರಾಹ್ಮೀ ಲಿಪಿಯಲ್ಲಿ ಅಶೋಕರಾಜನ ಹೆಸರನ್ನು ಕೆತ್ತಿದ್ದಾನೆ. ಅದೂ ಒಂದು ಸಾರಥ್ಯವೇ. ಇನ್ನು ಸಿನೆಮಾದ ಋಣವೂ ಈ ಜಿಲ್ಲೆಗೆ ಸಲ್ಲಬೇಕಾದುದಿದೆ: 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಚಿತ್ರಕಾರ ಎಸ್. ಎಂ. ಪಂಡಿತರು ಮುಂಬಯಿಗೆ ಹೋಗಿ ಚಲಚ್ಚಿತ್ರಗಳ ಭಿತ್ತಿಪತ್ರಗಳಿಗೆ ಬಣ್ಣ ತುಂಬಿ ಹೆಸರಾದರು. ನೂರಾರು ಮಂದಿ ದುಡಿಮೆಗೆಂದು ಇಂದಿಗೂ ಅದೇ ದಾರಿಯಲ್ಲಿ ಮುಂಬಯಿ, ಪುಣೆಗಳಿಗೆ ಹೋಗುತ್ತಾರೆ.

ಇದೀಗ ಪ್ರತಿಯೊಬ್ಬನ ಕೈಯಲ್ಲಿಯೂ ಮೊಬೈಲಿನ ಕಿರುತೆರೆಯುಂಟು. ಹೆಗ್ಗೋಡಿಗೆ ಭಾರವಾದ ಸುರುಳಿಗಳ ಡಬ್ಬಿಗಳಲ್ಲಿ ಬರುತ್ತಿದ್ದ ಚಿತ್ರಗಳಲ್ಲಿ ಎಷ್ಟೋ ಇಂದು ಅಂಗೈಗೆ ಬರುತ್ತವೆ. ಆದರೆ ಒಬ್ಬನೇ ನೋಡುವವನು ತನಗೆ ತಿಳಿಯದುದನ್ನು ಬೆರಳಿನಿಂದ ಸರಿಸಿ ಮುಂದೆ ಹೋಗುತ್ತಾನೆ. ಕೂಡಿ ನೋಡುವವನು ಪಕ್ಕದವನನ್ನು ಕೇಳುತ್ತಾನೆ. ಆ ಕೇಳುವ ರೂಢಿಯು ತಪ್ಪಿದರೆ ದೊಡ್ಡಾಟದ ಸಾರಥಿಯೊಡನೆ ಊರಿನ ಒಂದು ಬುದ್ಧಿಯೂ ತೊಲಗಿದಂತೆಯೇ.

ಆದುದರಿಂದ ಅಫಜಲಪುರದಂಥ ಊರಲ್ಲಿ ಇತಿಹಾಸ-ಕಲೆಗಳಿಗಾಗಿ ಒಂದು ಮನೆಯನ್ನು ಕಟ್ಟಿ ಅಲ್ಲಿ ಚಿತ್ರಗಳನ್ನು ತೋರಿಸಬಯಸುವವರು, ಯಂತ್ರವನ್ನು ಕೊಳ್ಳುವ ಮೊದಲು ಸಾರಥಿಯನ್ನು ಹುಡುಕುವುದು ಲೇಸು. ಶಾಲೆಯ ಮಾಸ್ತರರಾಗಲಿ, ದೊಡ್ಡಾಟದ ಮೇಳದಲ್ಲಿ ಪಳಗಿದ ಹಿರಿಯರಾಗಲಿ ಆದೀತು. ದಖನಿ, ಮರಾಠಿಗಳೂ ಬಂದರೆ ಇನ್ನೂ ಒಳ್ಳೆಯದು. ಅವರು ಮೊದಲು ಕಥೆಯ ಊರು, ಕಾಲ, ನಂಟುಗಳನ್ನು ನಾಲ್ಕು ಮಾತಿನಲ್ಲಿ ಹೇಳಬೇಕು. ನೀತಿಬೋಧೆಗೆ ತೊಡಗಬಾರದು, ತೊಡಗಿದರೆ ಜನರು ಎದ್ದು ನಡೆಯುವರು. ಚಿತ್ರದ ಒಡೆಯರ ಅನುಮತಿಯನ್ನು ಮುಂಚಿತವಾಗಿ ಪಡೆದಿರಬೇಕು. ತೊಗರಿಯ ರಾಶಿ ಮುಗಿದು ಬಿಸಿಲು ಏರುವುದರೊಳಗಿನ ಸಂಜೆಗಳು ಇದಕ್ಕೆ ತಕ್ಕ ಕಾಲ. ಮಾತಿಗೆಂದು ಕೊನೆಯಲ್ಲಿ ಅರ್ಧ ಗಂಟೆಯನ್ನಾದರೂ ಉಳಿಸಿ, ದೀಪಗಳನ್ನು ಹಚ್ಚಿದೊಡನೆ ಮೊದಲ ಪ್ರಶ್ನೆಯನ್ನು ಹಿಂದೆ ಗೋಡೆಗೊರಗಿ ಕುಳಿತ ಹೆಣ್ಣುಮಕ್ಕಳ ಕಡೆಯಿಂದ ಕೇಳಬೇಕು, ಏಕೆಂದರೆ ಮುಂದಿನ ಸಾಲಿನ ಗೌಡರು ಬಾಯಿತೆರೆದ ಮೇಲೆ ಅವರು ಮಾತನಾಡಲಾರರು.