ಕವಚಧಾರಿ

ಉಣ್ಣುವ ವಿಷಯದಲ್ಲಿ ಮನುಷ್ಯನಷ್ಟು ಸಂಶಯಸ್ವಭಾವದ ಪ್ರಾಣಿ ಬೇರೊಂದಿಲ್ಲ. ಕಾಗೆ ಒಮ್ಮೆ ಕುಟುಕಿ ನೋಡಿ ನಿರ್ಣಯಿಸುತ್ತದೆ. ನಾಯಿ ಮೂಸಿ ನೋಡಿ ತೀರ್ಮಾನಕ್ಕೆ ಬರುತ್ತದೆ. ನಾವಾದರೋ ಅಜ್ಜ ತಿಂದಿದ್ದನೆ, ನೆರೆಯವರು ತಿನ್ನುವರೆ, ಪೇಟೆಯಲ್ಲಿ ಅದಕ್ಕೆ ಬೆಲೆಯುಂಟೆ ಎಂದು ಮೂರು ಸಾಕ್ಷಿಗಳನ್ನು ಕರೆಯಿಸದೆ ತುತ್ತು ಎತ್ತುವವರಲ್ಲ. ಈ ಮೂವರಲ್ಲಿ ಒಬ್ಬನೂ ಪರವಾಗಿ ನುಡಿಯದ ಒಂದು ಮೀನನ್ನು ಹಿಡಿದು, ಕೆಂಡದಲ್ಲಿ ಸುಟ್ಟು, ತಿಂದ ಸಂಗತಿಯನ್ನು ವಾಚಕರ ಮುಂದಿಡುವುದಕ್ಕಾಗಿ ಈ ಬರಹ.

ಸೋಲಾಪುರದ ದಕ್ಷಿಣಕ್ಕೆ ಹತ್ತರಸಂಗ ಕೂಡಲದಲ್ಲಿ ಸೀನಾ ನದಿ ಭೀಮೆಯನ್ನು ಕೂಡುತ್ತದೆ. ಅಲ್ಲಿಯ ಸಂಗಮೇಶ್ವರ ದೇವಾಲಯದಲ್ಲಿ ಶಕವರ್ಷ 940ರ, ಎಂದರೆ ಕ್ರಿ.ಶ. 1018ರ, ಒಂದು ಶಾಸನವಿದೆ. ಮರಾಠಿಯ ಅತಿ ಪ್ರಾಚೀನ ಶಾಸನಗಳಲ್ಲಿ ಅದನ್ನು ಎಣಿಸುತ್ತಾರೆ. ಕಲ್ಲಿನ ಮೇಲೆ ಮರಾಠಿ, ಸುತ್ತಣ ಊರುಗಳ ಬಾಯಲ್ಲಿ ಕನ್ನಡ, ಎರಡಕ್ಕೂ ಜಗಳವಿಲ್ಲ. ಆ ಭಾಗದಲ್ಲಿ ಭೀಮೆ ಬಹುದೂರ ಎರಡು ರಾಜ್ಯಗಳ ಗಡಿಯಾಗಿ ಹರಿಯುತ್ತಾಳೆ. ಈ ದಂಡೆಗೆ ಒಂದು ಸರಕಾರ, ಆ ದಂಡೆಗೆ ಇನ್ನೊಂದು. ನಡುವಿನ ಮೀನುಗಳಿಗೆ ಯಾವ ಸರಕಾರವೂ ಇಲ್ಲ.

ಮಾರ್ಗಶಿರದ ಒಂದು ಶನಿವಾರ ಸಂಜೆ ನಾವು ಮೂವರು ಪ್ರಾಥಮಿಕ ಶಾಲೆಯ ಮಾಸ್ತರರು ಕೂಡಲದಿಂದ ತುಸು ಕೆಳಗೆ, ನದಿಯ ದಂಡೆಯಲ್ಲಿ, ಕಾಕಾ ಅವರ ಗುಡಿಸಲಿನ ಮುಂದೆ ಬೀಡುಬಿಟ್ಟೆವು. ಕಾಕಾ ಅಂಬಿಗರ ಮನೆತನದವರು, ಅರವತ್ತು ದಾಟಿದವರು. ಅವರ ಮೊಮ್ಮಗ ನಮ್ಮ ಶಾಲೆಯ ಮೂರನೆಯ ಇಯತ್ತೆಯಲ್ಲಿದ್ದಾನೆ. ನಮ್ಮ ಮೂವರಲ್ಲಿ ಒಬ್ಬ ಗೆಳೆಯರು ಶುದ್ಧ ಶಾಕಾಹಾರಿಗಳು. ಅವರು ಬೆಂಕಿಯ ಅಧಿಕಾರವನ್ನು ಮಾತ್ರ ವಹಿಸಿಕೊಂಡರು. ಮೀನನ್ನು ಕಡೆಯವರೆಗೂ ಮುಟ್ಟಲಿಲ್ಲ. ಆದರೆ ಅದನ್ನು ಬೇಯಿಸುವ ಬಗೆಗೆ ಸಲಹೆ ಕೊಡುವುದರಲ್ಲಿ ನಮ್ಮೆಲ್ಲರನ್ನೂ ಮೀರಿಸಿದರು.

ಹೊತ್ತು ಮುಳುಗುವ ಮುನ್ನ ಕಾಕಾ ಲಾರಿಯ ಟ್ಯೂಬಿಗೆ ಹಲಗೆ ಕಟ್ಟಿದ ತೆಪ್ಪದ ಮೇಲೆ ಕುಳಿತು, ಮಧ್ಯಾಹ್ನ ಹಾಸಿದ್ದ ಬಲೆಯನ್ನು ಬಿಡಿಸುತ್ತ ಬಂದರು. ನಾವು ದಂಡೆಯಲ್ಲಿ ನಿಂತು ಹಗ್ಗದ ತುದಿ ಹಿಡಿದು ಎಳೆದೆವು. ಮೊದಲಿಗೆ ಎರಡು ಚಿಲಾಪಿ, ಒಂದು ಸಣ್ಣ ರೋಹು. ಆಮೇಲೆ ಕೈಗೆ ಭಾರ ಹತ್ತಿತು. ದೊಡ್ಡ ಕಟ್ಲಾವೇ ಬಿದ್ದಿರಬೇಕೆಂದು ನಾವು ಹಿಗ್ಗಿದೆವು. ಕಾಕಾ ಮಾತ್ರ ತೆಪ್ಪದ ಮೇಲಿನಿಂದಲೇ ಹಣೆ ಬಡಿದುಕೊಂಡರು.

ಬಂದದ್ದು ಕಟ್ಲಾ ಅಲ್ಲ. ಒಂದು ಮೊಳಕ್ಕೆ ತುಸು ಕಡಿಮೆ ಉದ್ದದ, ಚಪ್ಪಟೆ ತಲೆಯ ಒಂದು ಪ್ರಾಣಿ. ಮೈಮೇಲೆ ಹುರುಪೆಗಳಿಲ್ಲ, ಅವುಗಳ ಬದಲು ಎಲುಬಿನ ತಗಡುಗಳು ಹಂಚು ಹೊದಿಸಿದಂತೆ ಒಂದರ ಮೇಲೊಂದು ಸಾಲಾಗಿ ಕುಳಿತಿದ್ದವು. ಬೆನ್ನಿನ ಮೇಲೆ ಹಡಗಿನ ಹಾಯಿಯಂತಹ ಅಗಲವಾದ ರೆಕ್ಕೆ. ಬೂದು-ಕಂದು ಮೈತುಂಬ ಕಪ್ಪು ಮಚ್ಚೆ. ಬಾಯಿ ಮುಖದ ಮುಂದಿಲ್ಲ, ಕೆಳಗಿದೆ. ಬಟ್ಟಲಿನಂತೆ ದುಂಡಗೆ, ಸಿಕ್ಕಿದ್ದಕ್ಕೆ ಅಂಟಿಕೊಳ್ಳುವಂತಹದು. ನಾವು ಕೈಚಾಚಿದಾಗ ಕಾಕಾ ಕೂಗಿದರು:

“ಮುಟ್ಟಬ್ಯಾಡ್ರಿ ಮಾಸ್ತರ! ರೆಕ್ಕ್ಯಾಗ ಮುಳ್ಳವ. ಚುಚ್ಚಿದರ ಎರಡ ದಿನ ಕೈ ಬಾತಿರತದ.”

ಮುಳ್ಳು ಕೈಗೆ ಚುಚ್ಚುವುದು ಸಣ್ಣ ಕಷ್ಟ. ಅದು ಬಲೆಗೆ ಸಿಕ್ಕಿಕೊಳ್ಳುವುದೇ ದೊಡ್ಡದು. ಈ ಮೀನು ಹೆದರಿದೊಡನೆ ಪಕ್ಕದ ರೆಕ್ಕೆಗಳನ್ನು ಅಗಲಿಸಿ ಬಿಗಿಹಿಡಿಯುತ್ತದೆ. ಆ ರೆಕ್ಕೆಗಳ ಮುಂದಿನ ಮುಳ್ಳು ಗರಗಸದಂತೆ ಒರಟು. ನೈಲಾನ್ ಎಳೆ ಅದಕ್ಕೆ ಸುತ್ತಿಕೊಂಡರೆ ಬಿಡಿಸುವ ಉಪಾಯವಿಲ್ಲ. ಕಾಕಾ ಒಂದನ್ನು ಬಿಡಿಸಲು ಅರ್ಧ ಬೀಡಿ ಸೇದುವಷ್ಟು ಹೊತ್ತು ಹೆಣಗಿ, ಕೊನೆಗೆ ಚೂರಿ ತೆಗೆದು ತಮ್ಮ ಬಲೆಯನ್ನೇ ಕೊಯ್ದರು.

“ಬಲಿ ಉಳೀಬೇಕಂದ್ರ ಮೀನ ಬಿಡಂಗಿಲ್ಲ, ಮೀನ ಬಿಡಸಬೇಕಂದ್ರ ಬಲಿ ಉಳ್ಯಂಗಿಲ್ಲ” ಎಂದರು. ಆ ಸಂಜೆ ಬಲೆಯಲ್ಲಿ ಇಂತಹವು ಏಳು ಬಂದವು. ಪ್ರತಿಯೊಂದೂ ಒಂದು ಮುಷ್ಟಿಯಷ್ಟು ತೂತನ್ನು ಬಿಟ್ಟು ಹೊರಬಂತು.

ಇದರ ಪೇಟೆಯ ಹೆಸರು ಸಕ್ಕರ್. ಶಾಸ್ತ್ರಜ್ಞರು ಟೆರಿಗೊಪ್ಲಿಕ್ತಿಸ್ ಎಂಬ ಕುಲಕ್ಕೆ ಸೇರಿಸುತ್ತಾರೆ. ತೌರುಮನೆ ದಕ್ಷಿಣ ಅಮೆರಿಕದ ಅಮೆಜಾನ್, ಒರಿನೊಕೊ ನದಿಗಳ ಸೀಮೆ. ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕುವವರು ಗಾಜಿಗೆ ಹಿಡಿದ ಪಾಚಿಯನ್ನು ನೆಕ್ಕಿ ತೆಗೆಯಲೆಂದು ಬೆರಳುದ್ದದ ಮರಿಯನ್ನು ಕೊಂಡು ತರುತ್ತಾರೆ. ಅದು ತೊಟ್ಟಿಗೆ ಮೀರಿ ಬೆಳೆದಾಗ ಕೊಲ್ಲಲು ಮನಸ್ಸು ಬಾರದೆ ಕೆರೆಗೋ ಹೊಳೆಗೋ ಬಿಡುತ್ತಾರೆ. ದಯೆಯಿಂದಲೇ ಮಾಡಿದ ಕೆಲಸವೆನ್ನೋಣ; ಆದರೆ ಆ ದಯೆಯ ಬಾಕಿಯನ್ನು ತೀರಿಸುವವರು ಕಾಕಾ. ನೀರಿಗೆ ಬಿದ್ದ ಮೀನು ದಂಡೆಯ ಮಣ್ಣಿನಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತದೆ, ಗಂಡು ಅದನ್ನು ಕಾಯುತ್ತದೆ, ಬಿಲ ಹೆಚ್ಚಿದ ದಂಡೆ ಕುಸಿಯುತ್ತದೆ. ಹೊಟ್ಟೆಯೊಳಗೆ ಗಾಳಿ ನುಂಗಿ ಅದರಿಂದಲೇ ಉಸಿರಾಡುವ ಶಕ್ತಿ ಇದಕ್ಕಿರುವುದರಿಂದ ನೀರು ಕೊಳೆತರೂ ಬದುಕುತ್ತದೆ. ನೀರಿಲ್ಲದೆಯೂ ತಾಸುಗಟ್ಟಲೆ ಬದುಕುತ್ತದೆ. ಕಾಕಾ ದಂಡೆಗೆ ಎಸೆದ ಏಳರಲ್ಲಿ ಒಂದೂ ನಾವು ಬೆಂಕಿ ಹೊತ್ತಿಸುವ ಹೊತ್ತಿಗೆ ಸತ್ತಿರಲಿಲ್ಲ. ಕಾಕಾ ಹೇಳಿದರು: “ಇದಕ್ಕ ಲಗೂ ಸಾವ ಬರಂಗಿಲ್ರಿ.”

ಈ ನಾಡಿನ ಮೀನುಗಳ ಲೆಕ್ಕ ಇಂದು ನಿನ್ನೆಯದಲ್ಲ. ಕಲ್ಯಾಣದ ಚಾಳುಕ್ಯ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಒಂದು ಭಾಗವೇ ಇದೆ. ಯಾವ ಮೀನಿಗೆ ಯಾವ ಉಂಡೆ ಹಾಕಿ ಸಾಕಬೇಕು, ಗಾಳದಿಂದ ಹೇಗೆ ಹಿಡಿಯಬೇಕು ಎಂಬುದನ್ನು ಅರಸ ವಿಸ್ತಾರವಾಗಿ ಹೇಳುತ್ತಾನೆ. ಏಳು ಶತಮಾನಗಳ ಅನಂತರ ಕರ್ನಲ್ ಸೈಕ್ಸ್ ಎಂಬ ಆಂಗ್ಲನು ಭೀಮೆಯ ಸೀಮೆಯಲ್ಲಿ ಓಡಾಡಿ ದಖ್ಖನದ ಮೀನುಗಳ ವರ್ಣನೆಯನ್ನು 1841ರಲ್ಲಿ ಅಚ್ಚು ಮಾಡಿಸಿದನು. ಅರಸನ ಪಟ್ಟಿಯಲ್ಲಿಯೂ ಕರ್ನಲನ ಪಟ್ಟಿಯಲ್ಲಿಯೂ ಈ ಕವಚಧಾರಿಗೆ ಎಡೆಯಿಲ್ಲ. ಅದು ಬಂದದ್ದು ನಮ್ಮ ಕಾಲದಲ್ಲಿ. ಅದನ್ನು ಬರೆದುಕೊಳ್ಳುವ ಸರದಿ ನಮ್ಮದು.

ತಿನ್ನೋಣವೆಂದು ಮೊದಲು ಹೇಳಿದವರು ನಮ್ಮ ಎರಡನೆಯ ಗೆಳೆಯರು. ಅಮೆಜಾನಿನ ದಂಡೆಯವರು ಇದನ್ನು ‘ಬೊದೊ’ ಎಂದು ಕರೆದು, ಅದರ ಚಿಪ್ಪಿನಲ್ಲಿಯೇ ಕೆಂಡದ ಮೇಲೆ ಸುಟ್ಟು ತಿನ್ನುತ್ತಾರೆಂದೂ, ಒಣಗಿಸಿ ಕುಟ್ಟಿ ‘ಪಿರಾಕುಯಿ’ ಎಂಬ ಹಿಟ್ಟು ಮಾಡಿಟ್ಟುಕೊಳ್ಳುತ್ತಾರೆಂದೂ ಅವರು ಓದಿದ್ದರು. ಕಾಕಾ ಒಪ್ಪಲಿಲ್ಲ. ಆಂಧ್ರದ ಕಡೆಗೆ ಇದನ್ನು ದೆವ್ವದ ಮೀನು ಎನ್ನುತ್ತಾರಂತೆ. ದೆವ್ವವನ್ನು ಯಾರಾದರೂ ಉಣ್ಣುವುದುಂಟೆ?

ತರಬೇತಿ ಶಾಲೆಯಲ್ಲಿ ನಮಗೆ ಕಲಿಸಿದ ಒಂದು ಸೂತ್ರವಿದೆ: ತಿಳಿದುದರಿಂದ ತಿಳಿಯದುದರೆಡೆಗೆ ಮಗುವನ್ನು ಕರೆದೊಯ್ಯಬೇಕು. ಅದನ್ನು ಮಕ್ಕಳ ಮೇಲೆ ಎಷ್ಟೋ ಸಲ ಪ್ರಯೋಗಿಸಿದ್ದೇವೆ; ಅಂದು ಕಾಕಾ ಅವರ ಮೇಲೆ ಪ್ರಯೋಗಿಸಿದೆವು. ಬುಟ್ಟಿಯಲ್ಲಿದ್ದ ಚಿಲಾಪಿಯನ್ನು ತೋರಿಸಿ, “ಕಾಕಾ, ಇದು ನಿಮ್ಮ ಅಜ್ಜನ ಕಾಲದಾಗ ಇತ್ತೇನ್ರಿ?” ಎಂದೆವು. ಇರಲಿಲ್ಲ. ಚಿಲಾಪಿ ಆಫ್ರಿಕದ ಮೀನು. ಭಾರತಕ್ಕೆ ಅದನ್ನು ತಂದದ್ದು 1952ರಲ್ಲಿ. ಭೀಮೆಗೆ ಮೇಲ್ಗಡೆ ಕಟ್ಟಿದ ಉಜನಿಯ ಅಣೆಕಟ್ಟು 1980ರಲ್ಲಿ ಮುಗಿಯಿತು. ಅಲ್ಲಿಯ ಹಿನ್ನೀರಿನ ಬೆಸ್ತರು ಇಂದು ಬಹುಮಟ್ಟಿಗೆ ಚಿಲಾಪಿಯನ್ನೇ ನಂಬಿದ್ದಾರೆ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕರು. “ಖರೇ ಅದ. ನಮ್ಮಪ್ಪ ಮೊದಲನೇ ಚಿಲಾಪಿ ನೋಡಿ ಹಿಂಗ ಕಾಲಿಲೆ ಒದ್ದಿದ್ದ” ಎಂದು, ಏಳರಲ್ಲಿ ದೊಡ್ಡದನ್ನು ತಾವೇ ಆರಿಸಿಕೊಟ್ಟರು.

ಕೊಯ್ಯುವುದು ಸುಲಭವಾಗಲಿಲ್ಲ. ಬೆನ್ನಿನ ಮೇಲೆ ಇಟ್ಟ ಚೂರಿ ಕಲ್ಲಿನ ಮೇಲೆ ಇಟ್ಟಂತೆ ಜಾರಿತು. ಕರ್ಣನಾದರೂ ಬೇಡಿದವನಿಗೆ ಕವಚವನ್ನು ಕೊಯ್ದು ಕೊಟ್ಟನು. ಇದು ಕೊಡುವ ಜಾತಿಯದಲ್ಲ. ಕಾಕಾ ಅದನ್ನು ಅಂಗಾತ ಮಲಗಿಸಿದರು. ಹೊಟ್ಟೆಯ ಕಡೆಗೆ ತಗಡುಗಳು ಸಣ್ಣವು, ತೆಳ್ಳಗಿನವು. ಬಾಯಿಯ ಕೆಳಗಿನಿಂದ ಬಾಲದ ಬುಡದವರೆಗೆ ಚೂರಿ ಎಳೆದಾಗ ತೆರೆದುಕೊಂಡಿತು. ಒಳಗೆ ಗಡಿಯಾರದ ತಂತಿಯಂತೆ ಸುರುಳಿ ಸುರುಳಿಯಾಗಿ ಸುತ್ತಿದ್ದ ಕರುಳು. ಬಿಚ್ಚಿ ಎಳೆದರೆ ಎಳೆದಷ್ಟೂ ಬಂತು, ಅದರ ತುಂಬ ಹಸಿರು ಕೆಸರು. ಪಾಚಿ ಮೇಯುವ ಪ್ರಾಣಿಗೆ ಕರುಳು ಉದ್ದವಿರಲೇಬೇಕು; ದನದ ಹೊಟ್ಟೆಯ ಪಾಠ ಹೇಳುವಾಗ ಇದನ್ನೇ ಹೇಳುತ್ತೇವಷ್ಟೆ. ಕರುಳು, ಪಿತ್ತಜನಕಾಂಗ ಎಲ್ಲವನ್ನೂ ತೆಗೆದು ದೂರದಲ್ಲಿ ಹೂಳಿದೆವು. ಮುಳ್ಳುಗಳನ್ನು ಇಕ್ಕಳದಿಂದ ಮುರಿದೆವು. ಮೂರು ಸಲ ನೀರು, ಒಂದು ಸಲ ಹುಣಿಸೆಯ ರಸ; ಕೆಸರಿನ ವಾಸನೆ ಅರ್ಧಕ್ಕೆ ಇಳಿಯಿತು.

ಗುಡಿಸಲಿನೊಳಗಿಂದ ಕಾಕು ಮಸಾಲೆ ಕಳಿಸಿದರು: ಉಪ್ಪು, ಅರಿಷಿಣ, ಬೆಳ್ಳುಳ್ಳಿ, ಕೆಂಪು ಖಾರ, ಮೇಲೆ ಶೇಂಗಾ ಚಟ್ನಿಯ ಪುಡಿ. ಅಂಗಾತ ಮಲಗಿದ ಮೀನಿನ ಹೊಟ್ಟೆಯೊಳಗೆ ಅದನ್ನು ತುಂಬಿದಾಗ ಬೆನ್ನಿನ ಕವಚವೇ ಬಾಣಲೆಯಾಯಿತು. ಎಣ್ಣೆ, ಪಾತ್ರೆ ಯಾವುದೂ ಬೇಕಾಗಲಿಲ್ಲ. ಶಾಕಾಹಾರಿ ಗೆಳೆಯರು ಬಳ್ಳಾರಿ ಜಾಲಿಯ ಕಟ್ಟಿಗೆಯನ್ನು ಉರಿಸಿ ನಿಗಿನಿಗಿ ಕೆಂಡ ಮಾಡಿ ಇಟ್ಟಿದ್ದರು. ತೊಗರಿಯ ಒಣಕಡ್ಡಿಯಿಂದ ಹೊತ್ತಿಸಿದ ಬೆಂಕಿ.

ಮೀನು ಬೇಯುವ ಹೊತ್ತಿನಲ್ಲಿ ಒಂದು ವಿಚಾರ ಹೊಳೆಯಿತು. ಮೀನು ಅಮೆರಿಕ ಖಂಡದ್ದು. ಅದರ ಹೊಟ್ಟೆಯೊಳಗಿನ ಮೆಣಸಿನಕಾಯಿ ಅಮೆರಿಕ ಖಂಡದ್ದು, ಶೇಂಗಾ ಅಲ್ಲಿಯದೇ; ಪೋರ್ತುಗೀಜರ ಹಡಗುಗಳು ಓಡಾಡಿದ ಮೇಲೆ ಈ ಕಡೆಗೆ ಬಂದವು. ಸೋಮೇಶ್ವರ ಭೂಪನ ಪಾಕಶಾಲೆಯಲ್ಲಿ ಅವೆರಡೂ ಇರಲಿಲ್ಲ. ಕೆಳಗೆ ಉರಿಯುವ ಬಳ್ಳಾರಿ ಜಾಲಿಯೂ ಹೆಸರಿಗೆ ಬಳ್ಳಾರಿಯದು, ಹುಟ್ಟಿಗೆ ಆ ಖಂಡದ್ದೇ. 19ನೆಯ ಶತಮಾನದಲ್ಲಿ ತಂದು ನೆಟ್ಟದ್ದು. ಪಕ್ಕದಲ್ಲಿ ಕಾಕು ಬಡಿಯುತ್ತಿದ್ದ ರೊಟ್ಟಿಯ ಜೋಳ, ಚಿಲಾಪಿಯಂತೆಯೇ, ಆಫ್ರಿಕದಿಂದ ಬಂದದ್ದು. ಬಂದು ಸಾವಿರಾರು ವರ್ಷಗಳಾದುದರಿಂದ ನಾವು ಮರೆತಿದ್ದೇವೆ. ಅಂದಿನ ಅಡಿಗೆಯಲ್ಲಿ ನಿಸ್ಸಂಶಯವಾಗಿ ಈ ನೆಲದ ಮಗನೆನ್ನಿಸಿಕೊಳ್ಳಬಹುದಾದದ್ದು ತೊಗರಿಯ ಕಡ್ಡಿ. ಅದು ಮೊದಲೇ ಉರಿದು ಬೂದಿಯಾಗಿತ್ತು. ಇದನ್ನು ಕಾಕಾ ಅವರಿಗೆ ವಿವರಿಸಿದಾಗ ಅವರು ಒಂದೇ ಮಾತು ಹೇಳಿದರು: “ಮೆಣಸಿನಕಾಯಿ ಬಲಿ ಹರ್ಯಂಗಿಲ್ರಿ ಮಾಸ್ತರ.” ನಮ್ಮ ಪಾಂಡಿತ್ಯ ಅಲ್ಲಿಗೆ ನಿಂತಿತು.

ಸುಮಾರು ಅರ್ಧ ತಾಸಿಗೆ ತಗಡುಗಳ ಸಂದಿಯಿಂದ ರಸ ಕುದಿದು ಹೊರಬಂತು. ಕವಚ ಕಪ್ಪಾಗಿ ಅಂಚುಗಳು ಎದ್ದವು. ಕಡ್ಡಿಯಿಂದ ಮೀಟಿದಾಗ ಒಂದು ಪಕ್ಕದ ತಗಡುಗಳೆಲ್ಲ ಒಟ್ಟಿಗೆ ಕಳಚಿ ಬಂದವು. ಒಳಗೆ ತುಸು ಹಳದಿ ಬಣ್ಣದ, ಗಟ್ಟಿಯಾದ ಮಾಂಸ. ಚಿಲಾಪಿಯ ಹಾಗೆ ಪದರಾಗಿ ಬಿಡಲಿಲ್ಲ. ಏಡಿಯ ಕಾಲಿನ ಮಾಂಸದಂತೆ ಎಳೆ ಎಳೆಯಾಗಿ ಬಂತು. ಸಣ್ಣ ಮುಳ್ಳಿನ ಕಾಟವಿಲ್ಲ. ರುಚಿ, ಉತ್ಪ್ರೇಕ್ಷೆಯಿಲ್ಲದೆ ಹೇಳುವುದಾದರೆ, ಚೆನ್ನಾಗಿತ್ತು. ಬಾಲದ ಕಡೆಗೆ ಬಹಳ ಚೆನ್ನಾಗಿತ್ತು. ಹೊಟ್ಟೆಯ ಬದಿಗೆ ಮಾತ್ರ ಕೆಸರಿನ ನೆನಪು ಉಳಿದಿತ್ತು. ಕಾಕಾ ಮೊದಲ ತುತ್ತನ್ನು ಬಹಳ ಹೊತ್ತು ಬಾಯಲ್ಲಿಟ್ಟುಕೊಂಡು ಕುಳಿತರು, ಎರಡನೆಯದಕ್ಕೆ ಕೇಳಿಸಿಕೊಳ್ಳಲಿಲ್ಲ. ಮೊಮ್ಮಗ ಬಾಲವನ್ನು ಹಿಡಿದುಕೊಂಡು ಗುಡಿಸಲಿನ ಹಿಂದಕ್ಕೆ ಓಡಿದನು.

ಆದರೆ ತಿಂದು ಮುಗಿದಾಗ ಕಂಡದ್ದು ಬೇರೆ ಲೆಕ್ಕ. ಮುಕ್ಕಾಲು ಕಿಲೋ ತೂಗಿದ ಮೀನಿನಲ್ಲಿ ನಾಲ್ಕು ಜನಕ್ಕೆ ರೊಟ್ಟಿಗೆ ನಂಜಿಕೊಳ್ಳುವಷ್ಟು ಮಾಂಸ. ಉಳಿದದ್ದೆಲ್ಲ ತಲೆ, ತಗಡು, ಕರುಳು. ಇನ್ನೊಂದು ಮಾತನ್ನೂ ಮರೆಮಾಚಬಾರದು. ಪುಣೆಯ ಕೊಳೆನೀರು ಮುಳಾ-ಮುಠಾ ನದಿಗಳ ಮೂಲಕ ಈ ಭೀಮೆಗೇ ಸೇರುತ್ತದೆ. ಕೆಸರನ್ನೇ ಕೆರೆದು ತಿನ್ನುವ ಮೀನಿನ ಮೈಯಲ್ಲಿ ಕೆಸರಿನ ವಿಷಲೋಹಗಳೂ ಸೇರುತ್ತವೆ. ಆದುದರಿಂದ ಒಂದು ರಾತ್ರಿ ತಿಂದ ನಾವು, ಮಕ್ಕಳಿಗೆ ದಿನವೂ ತಿನ್ನಿಸಿರೆಂದು ಹೇಳಲಾರೆವು; ಆ ನೀರಿನ ಮೀನನ್ನು ಪರೀಕ್ಷೆ ಮಾಡಿಸದೆ ಹೇಳಲೂ ಕೂಡದು. ಮೆಕ್ಸಿಕೊ ದೇಶದ ಇನ್‌ಫಿಯೆರ್ನಿಯೊ ಎಂಬ ಜಲಾಶಯದಲ್ಲಿಯೂ ಬೆಸ್ತರು ಚಿಲಾಪಿಯನ್ನೇ ನಂಬಿದ್ದರು. 2000ದ ಈಚಿನ ವರ್ಷಗಳಲ್ಲಿ ಅವರ ಬಲೆಗಳನ್ನು ಈ ಮೀನೇ ತುಂಬಿತು. ಅವರೂ ಇದಕ್ಕೆ ಇಟ್ಟ ಹೆಸರು ಸೈತಾನನ ಮೀನು. ಹುಟ್ಟಿದ ಹೊಳೆಯಲ್ಲಿ ಊಟ, ಹೊಕ್ಕ ಹೊಳೆಯಲ್ಲಿ ಸೈತಾನ.

ಊಟವಾದ ಮೇಲೆ ಕಾಕಾ ಕೆಂಡದ ಬೆಳಕಿನಲ್ಲಿ ಬಲೆಯನ್ನು ತೊಡೆಯ ಮೇಲೆ ಹರಡಿಕೊಂಡು ಏಳು ತೂತುಗಳನ್ನು ಹೆಣೆಯಲು ಕುಳಿತರು. ಎರಡು ಚಿಲಾಪಿ, ಒಂದು ರೋಹು ಬೆಳಿಗ್ಗೆ ಮಾರಿದರೆ ಬರುವ ಹಣದಲ್ಲಿ ನೂಲಿನ ಖರ್ಚು ಕಳೆದರೆ ಉಳಿಯುವುದೇನೆಂದು ನಾವು ಕೇಳಲಿಲ್ಲ. ಲೆಕ್ಕ ಕಲಿಸುವವರು ನಾವು, ಕಣ್ಣಿಗೆ ಕಾಣುತ್ತಿತ್ತು. ಮೂರನೆಯ ತೂತಿಗೆ ಬಂದಾಗ ತಲೆಯೆತ್ತದೆ ಹೇಳಿದರು: “ನಾಳೆ ಸೋಲಾಪುರಕ್ಕ ಹೋಗತೀರಲ್ಲ, ಒಂದ ಒಯ್ಯ್‌ರಿ. ಯಾರರ ತಗೋತಾರೇನ ಕೇಳಿ ನೋಡ್ರಿ.”

ಮರುದಿನ ಒಂದನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಸೋಲಾಪುರದ ಮೀನುಪೇಟೆಗೆ ಒಯ್ದೆವು. ವ್ಯಾಪಾರಿ ಗೋಣಿ ಬಿಚ್ಚಿ, ಮೀನನ್ನು ಮಗುಚಿ ನೋಡಿ, ಬೆರಳಿನಿಂದ ಕವಚವನ್ನು ತಟ್ಟಿದನು. ರುಚಿ ಹೇಗೆಂದು ಕೇಳಲಿಲ್ಲ, ಎಲ್ಲಿಯದೆಂದೂ ಕೇಳಲಿಲ್ಲ.

“ಕಿಲೋಕ್ಕ ಮಾಂಸ ಎಷ್ಟ ಬರತದ?”

“ಪಾವು ಕಿಲೋ ಬಂದೀತು.”

ಅವನು ಗೋಣಿಯ ಬಾಯನ್ನು ಮೊದಲಿನಂತೆಯೇ ನೀಟಾಗಿ ಮಡಿಸಿ ನಮ್ಮ ಕಡೆಗೆ ಸರಿಸಿದನು. ಒಳಗೆ ಅದು ಇನ್ನೂ ಉಸಿರಾಡುತ್ತಿತ್ತು.