ಬೆನ್ನು ನಮ್ಮ ಕಡೆ

ಉಚ್ಚಂಗಿದುರ್ಗ, ರಾತ್ರಿ ಹತ್ತು. ಊರ ಹುಡುಗರ ‘ರಕ್ತರಾತ್ರಿ’ ತಾಲೀಮು. ಕಂದಗಲ್ ಹನುಮಂತರಾಯರ ಈ ನಾಟಕ ಬಳ್ಳಾರಿ ಸೀಮೆಯ ಹಳ್ಳಿಗಳಿಗೆ ಇನ್ನೂ ಹಳತಾಗಿಲ್ಲ. ಎಲ್ಲರ ಕಣ್ಣು ಶಕುನಿಯ ಮೇಲೆ. ನನ್ನದು ಪೇಟಿ ಮಾಸ್ತರ ಬೆನ್ನಿನ ಮೇಲೆ.

ಎರಡೂ ಕೈ ಪೇಟಿಯ ಮೇಲೆ, ಎರಡೂ ಕಾಲು ತಿದಿಯ ಮೇಲೆ. ಹಾಗಾದರೆ ಮೇಳ ನಡೆಸುವುದು ಯಾವುದರಿಂದ? ಪಕ್ಕಕ್ಕೆ ಸರಿದು ಅರ್ಧ ಗಂಟೆ ನೋಡಿ ಬರಕೊಂಡದ್ದು: ತಬಲಾದವನಿಗೆ ಗದ್ದ. ಒಳಗಿಂದ ಬರಬೇಕಾದ ಪಾತ್ರಕ್ಕೆ ಹುಬ್ಬು. ಶ್ರುತಿ ಬಿಟ್ಟವನಿಗೆ ಕೆಮ್ಮು.

ಮರೆತವನಿಗೆ ಏನು ಅನ್ನುವುದು ಆಮೇಲೆ ತಿಳಿಯಿತು. ಶಕುನಿ ಕಂದದ ನಡುವೆ ನಿಂತುಬಿಟ್ಟ. ಮಾಸ್ತರು ಷಡ್ಜ ಒತ್ತಿ ಹಿಡಿದರು, ಬಿಡಲೇ ಇಲ್ಲ. ಹುಡುಗ ಅದರ ನೆರಳಲ್ಲಿ ಪದ ಹುಡುಕಿದ, ಸಿಕ್ಕಿತು, ಹಾಡಿದ. ಪಿಯಾನೊ ಆಗಿದ್ದರೆ ಇಷ್ಟು ಹೊತ್ತು ಕಾಯುತ್ತಿರಲಿಲ್ಲ; ಸುತ್ತಿಗೆ ತಂತಿಗೆ ಬಡಿದ ಕ್ಷಣದಿಂದಲೇ ಅಲ್ಲಿ ಸ್ವರ ಇಳಿಯತೊಡಗುತ್ತದೆ. ಪೇಟಿಯ ಹಿತ್ತಾಳೆ ನಾಲಗೆ ಗಾಳಿ ಇರುವ ತನಕ ನುಡಿಯುತ್ತದೆ. ಕಾಯುವ ಗುಣ ವಾದ್ಯದ್ದೋ ಮಾಸ್ತರದ್ದೋ?

ಮೊಜಾರ್ಟ್ ಕೂಡ ತನ್ನ ಕನ್ಚೆರ್ಟೊಗಳನ್ನು ಪಿಯಾನೊ ಮುಂದೆ ಕೂತೇ ನಡೆಸುತ್ತಿದ್ದ. ಕೋಲು ಹಿಡಿದು ನಿಲ್ಲುವ ನಾಯಕನ ಕಾಲ ಬಂದದ್ದು ಹತ್ತೊಂಬತ್ತನೇ ಶತಮಾನದಲ್ಲಿ. ನಮ್ಮ ಕಾಲದ ಡೇನಿಯಲ್ ಬಾರೆನ್‌ಬಾಯ್ಮ್ ನುಡಿಸಿ, ನಡೆಸಿ, ಬರ್ಲಿನ್‌ನಲ್ಲಿ ಸಂಗೀತ ಶಾಲೆಯನ್ನೂ ಕಟ್ಟಿದರು. ಮೂರು ಕೆಲಸಕ್ಕೆ ಅಲ್ಲಿ ಮೂರು ಬಿರುದು. ಇಲ್ಲಿ ‘ಮಾಸ್ತರ’ ಅಂದರೆ ಮುಗಿಯಿತು. ಮಾತು ಕಲಿಸುವುದು, ಹೆಜ್ಜೆ ತಿದ್ದುವುದು, ಮೀಸೆ ಎಲ್ಲಿ ಅಂಟಿಸಬೇಕೆಂದು ಹೇಳುವುದು ಕೂಡ ಅದರೊಳಗೇ.

ಚಹದ ಹೊತ್ತು. ‘ಎಲ್ಲಿ ಕಲಿತ್ರಿ?’ ‘ಗದಗಿನಾಗ, ಅಜ್ಜಾರ ಹತ್ರ.’ ಅಜ್ಜಾರು ಎಂದರೆ ಪುಟ್ಟರಾಜ ಗವಾಯಿಗಳು (1914–2010). ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಊಟ, ವಸತಿ, ಸಂಗೀತ. ಜೊತೆಗೆ ನಾಟಕ ಕಂಪನಿ. ಗುರು ಪಂಚಾಕ್ಷರಿ ಗವಾಯಿಗಳಂತೆ ಅವರಿಗೂ ಕಣ್ಣಿರಲಿಲ್ಲ. ಹಾಗಾದರೆ ಗದ್ದ, ಹುಬ್ಬು ಎಂಬ ನನ್ನ ಪಟ್ಟಿ ಏನಾಯಿತು? ಮಾಸ್ತರರನ್ನೇ ಕೇಳಿದೆ. ‘ಕಣ್ಣಿದ್ದೋರು ನೋಡ್ತಾರ್ರೀ. ಅಜ್ಜಾರು ಉಸಿರು ಕೇಳ್ತಿದ್ರು.’ ಪಟ್ಟಿಗೆ ಅಡ್ಡಗೆರೆ ಎಳೆದೆ.

ಇದೇ ಪೇಟಿಗೆ ಸಂಬಂಧಿಸಿ 1940ರ ಒಂದು ವಿಚಿತ್ರ. ಗಮಕಕ್ಕೆ ಬಾಗದ ವಾದ್ಯವೆಂದು ರೇಡಿಯೊ ಆ ಮಾರ್ಚಿನಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. 1971ರವರೆಗೆ ಒಳಗೆ ಬಿಡಲಿಲ್ಲ. ಆ 1940ರಲ್ಲೇ ಅಪ್ಪ, ದೊಡ್ಡಪ್ಪ ಇಬ್ಬರೂ ತೀರಿಕೊಂಡು, ಪಿಯಾನೊ ವಾದಕನಾಗಬೇಕೆಂದಿದ್ದ ಜಯಚಾಮರಾಜ ಒಡೆಯರು ಮೈಸೂರಿನ ಪಟ್ಟಕ್ಕೆ ಕೂತರು. 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು, ರಷ್ಯದ ಮೆಡ್ಟ್ನರ್ ಸಂಗೀತದ ಧ್ವನಿಮುದ್ರಣಕ್ಕೆ ಹಣ ಕೊಟ್ಟರು, ಕೊನೆಗೆ ಬರೆದದ್ದು ಕರ್ನಾಟಕ ಸಂಗೀತದ ಕೃತಿಗಳನ್ನು. ರಾಜನಿಗೆ ಪಿಯಾನೊ ಸಿಗಲಿಲ್ಲ, ಪೇಟಿಗೆ ರೇಡಿಯೊ ಸಿಗಲಿಲ್ಲ. ಪೇಟಿ ಮಾತ್ರ ಊರೂರು ತಿರುಗಿತು.

ನಾಟಕದ ದಿನ. ದ್ರೌಪದಿ ಸಂಜೆ ಏಳಕ್ಕೆ ಹಗರಿಬೊಮ್ಮನಹಳ್ಳಿ ಕಡೆಯ ಬಸ್ಸಿನಿಂದ ಇಳಿದಳು, ಕೈಯಲ್ಲಿ ಟ್ರಂಕು. ಈ ಊರಿನ ತಾಲೀಮಿಗೆ ಒಂದು ದಿನವೂ ಬಂದವಳಲ್ಲ. ಬಣ್ಣ ಹಚ್ಚಿಕೊಳ್ಳುತ್ತಲೇ ಅಂದಳು: ‘ಮಾಸ್ತರ್ರೀ, ನನ್ನ ಶ್ರುತಿ ಕರಿ ಎರಡು.’ ‘ಹುಡುಗರದು ಬಿಳಿ ಒಂದು, ತಾಯಿ. ನೋಡ್ಕಂಡ್ ಹೋಗೋಣ.’ ಇಷ್ಟೇ ಒಪ್ಪಂದ. ಬೆಳಗಿನ ಜಾವದವರೆಗೆ ಇದು ಹೇಗೆ ಸಾಗಿತೋ ನನಗೆ ಹೊಳೆದಿಲ್ಲ. ಅವಳು ಬಂದಾಗ ಏರುವುದು, ಹೋದಾಗ ಇಳಿಯುವುದು. ಮಾಸ್ತರ ಹೆಗಲು ಅಲುಗಿದ್ದೂ ಕಾಣಲಿಲ್ಲ.

ಎರಡು ತಿಂಗಳು ತಾಲೀಮು ಮಾಡಿದ ಶಕುನಿ ಮಾತ್ರ ಅದೇ ಕಂದದ ಅದೇ ಪದಕ್ಕೆ ನಿಂತ. ಷಡ್ಜ ಬಂತು.