ಬಣ್ಣದ ಮಾತು ಆಮೇಲೆ

ಕೊವೆಂಟ್ರಿ
2023 ಅಕ್ಟೋಬರ್ 14, ಶನಿವಾರ

ವ್ಯಾನಿನ ಒಳಗಿದ್ದ ಮರದ ಸಾಮಾನೆಲ್ಲ ಇವತ್ತು ಹೊರಬಂತು. ಬೀರು, ಮಡಿಸುವ ಹಾಸಿಗೆ, ಸಿಂಕು, ಎರಡು ಬರ್ನರಿನ ಸ್ಟೌ. ಮಗಳು ಪ್ರತಿ ಹಲಗೆಯ ಹಿಂದೆ ನಂಬರು ಬರೆದಳು, ಯಾವ ಸ್ಕ್ರೂ ಎಲ್ಲಿಯದು ಎಂದು ಫೋಟೊ ತೆಗೆದಳು. ಹ್ಯಾನೋವರ್ ಕಾರ್ಖಾನೆಯಿಂದ ಖಾಲಿಯಾಗಿ ಬಂದ ಈ ಫೋಕ್ಸ್‌ವ್ಯಾಗನ್ ಟೈಪ್ 2 ವ್ಯಾನಿಗೆ ಡೆವನ್ ಸೀಮೆಯ ಸಿಡ್‌ಮತ್ ಊರಿನ ಬಡಗಿಗಳು ಒಳಗೊಂದು ಮನೆ ಮಾಡಿಕೊಟ್ಟದ್ದು 1973ರಲ್ಲಿ. ಐವತ್ತು ವರ್ಷದ ಪ್ಲೈವುಡ್ಡು ಸಿಂಕಿನ ಕೆಳಗೆ ಮಾತ್ರ ಉಬ್ಬಿದೆ, ಉಳಿದದ್ದೆಲ್ಲ ಗಟ್ಟಿ. ಅದನ್ನು ಬದಲಿಸುವುದಿಲ್ಲ. ಕೈ ಉಜ್ಜಿ ಉಜ್ಜಿ ನುಣುಪಾದ ಆ ಅಂಚುಗಳನ್ನು ನಾನು ಹೊಸದಾಗಿ ಎಲ್ಲಿಂದ ತರಲಿ?

ಬೀರಿನ ಹಿಂದಿನ ತಗಡಿನ ಮೇಲೆ ಮೂಲ ಬಣ್ಣ ಸಿಕ್ಕಿತು, ಕಡು ಕಿತ್ತಳೆ. ಹೊರಗಿನ ಬಿಳಿ ಯಾವಾಗಲೋ ಯಾರೋ ಬಳಿಸಿದ್ದು. ಪಕ್ಕದ ಮನೆಯವರು ಬೇಲಿಯಾಚೆಯಿಂದ ಕೇಳಿದ್ದು ಬಣ್ಣದ ವಿಷಯ, ಆಫೀಸಿನವರು ಕೇಳುವುದೂ ಅದನ್ನೇ. ನನಗೆ ಸದ್ಯ ಬಣ್ಣ ಬೇಡ. ಸ್ಕ್ರೂಡ್ರೈವರ್ ಹಿಡಿದು ಕೆಳಗೆ ಮಲಗಿ, ಎಲ್ಲಿ ಒತ್ತಿದರೆ ತಗಡು ಒಳಕ್ಕೆ ಹೋಗುತ್ತದೆ ಎಂದು ನೋಡಬೇಕು.

2023 ಅಕ್ಟೋಬರ್ 23, ಸೋಮವಾರ

ಆಯುಧಪೂಜೆ. ಚಕ್ರ ಬಿಚ್ಚಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿದ್ದರಿಂದ ನಿಂಬೆಹಣ್ಣು ಇಡಲು ಚಕ್ರವೇ ಇರಲಿಲ್ಲ. ಗ್ರೈಂಡರು, ವೆಲ್ಡಿಂಗ್ ಮೆಷಿನ್ನು, ಸುತ್ತಿಗೆಗಳನ್ನು ಸಾಲಾಗಿ ಜೋಡಿಸಿ ಅರಿಸಿನ ಕುಂಕುಮ ಹಚ್ಚಿದೆವು. ನನ್ನ ಹೆಂಡತಿ, ಇವಳು, ಸ್ಟೀರಿಂಗಿಗೆ ಸೇವಂತಿಗೆ ಸುತ್ತಿದಳು. ಸಂಜೆ ಐದೂವರೆಗೇ ಚಳಿ.

2023 ನವೆಂಬರ್ 4, ಶನಿವಾರ

ಎಡಗಡೆಯ ಸಿಲ್ ಬಿಚ್ಚಿದೆ. ಬಾಗಿಲ ಕೆಳಗೆ ಉದ್ದಕ್ಕೂ ಓಡುವ ಈ ಭಾಗ ಹೊರಗಿನಿಂದ ಒಂದೇ ತಗಡಿನಂತೆ ಕಂಡರೂ ಒಳಗೆ ಮೂರು ಪದರ. ಹೊರಗಿನದು ಮೈ ಮುಚ್ಚಲು, ಒಳಗಿನವು ಭಾರ ಹೊರಲು. ಲಾರಿಗಿರುವಂತೆ ಚಾಸಿ ಬೇರೆ, ಬಾಡಿ ಬೇರೆ ಎಂಬುದು ಈ ವ್ಯಾನಿಗೆ ಇಲ್ಲ. ನೆಲ, ಸಿಲ್, ಕೆಳಗಿನ ಉದ್ದ ತೊಲೆ, ಅಡ್ಡ ತೊಲೆಗಳೆಲ್ಲ ಒಂದಕ್ಕೊಂದು ಬೆಸೆದುಕೊಂಡೇ ಗಾಡಿಯನ್ನು ನೆಟ್ಟಗೆ ನಿಲ್ಲಿಸಬೇಕು. ಮಧ್ಯದ ಪದರ ಹೋದರೆ ಹೊರಗೆ ಎಷ್ಟು ಹೊಳೆದರೂ ಗಾಡಿಗೆ ನಡು ಇಲ್ಲ.

ಹೊರ ಪದರವನ್ನು ಗ್ರೈಂಡರಿನಿಂದ ಸೀಳಿದಾಗ ಮೊದಲು ಸಿಕ್ಕಿದ್ದು ಪುಟ್ಟಿ, ಹೆಬ್ಬೆರಳು ದಪ್ಪ. ಅದರ ಹಿಂದೆ ಹಳೆಯ ತಗಡಿನ ಮೇಲೆ ಹೊಸ ತಗಡು, ಅದರ ಮೇಲೆ ಇನ್ನೊಂದು ತುಂಡು. ಎಲ್ಲಕ್ಕಿಂತ ಒಳಗೆ ಹಳದಿ ಫೋಮು, ಕಿಟಕಿಯ ಸಂದು ಮುಚ್ಚಲು ಚಿಮ್ಮಿಸುತ್ತಾರಲ್ಲ ಅದು. ಹಿಂಡಿದರೆ ನೀರು ಸುರಿಯಿತು. ತಗಡು ನೆನೆದರೂ ಗಾಳಿಯಾಡಿದರೆ ಒಣಗುತ್ತದೆ. ಈ ಫೋಮು ನೀರನ್ನು ತಗಡಿಗೆ ಅಪ್ಪಿಸಿಟ್ಟು ವರ್ಷವೆಲ್ಲ ತೇವವಾಗಿಯೇ ಇರಿಸಿತ್ತು. ಮಧ್ಯದ ಪದರ ಕೈಗೆ ಹಪ್ಪಳದಂತೆ ಮುರಿದುಬಂತು.

ಇದನ್ನು ಮಾಡಿದವರು ಯಾರೋ ತಿಳಿಯದು. ಆದರೆ ನನಗೆ ಸಿಟ್ಟು ಬಂತು, ಇನ್ನೂ ಇಳಿದಿಲ್ಲ. ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಜನ ಹೋಗುವ ಗಾಡಿ ಇದು. ತುಕ್ಕನ್ನು ಕತ್ತರಿಸಿ ತೆಗೆಯಬೇಕು, ಇಲ್ಲ ಗಾಡಿಯನ್ನು ರಸ್ತೆಗೆ ಬಿಡಬಾರದು. ಮುಚ್ಚಿಡುವುದು ರಿಪೇರಿ ಅಲ್ಲ.

ರಾತ್ರಿ ಹಾಸನಕ್ಕೆ ವಿಡಿಯೊ ಕಾಲ್ ಮಾಡಿ ಮಾವನಿಗೆ ತೋರಿಸಿದೆ. ಆಯುಷ್ಯವೆಲ್ಲ ಲಾರಿ, ಮ್ಯಾಟಡೋರ್‌ಗಳ ಟಿಂಕರಿಂಗ್‌ನಲ್ಲಿ ಕಳೆದವರು. ಮದುವೆ ದಿಬ್ಬಣಕ್ಕೆ ಮ್ಯಾಟಡೋರ್ ಬಿಟ್ಟರೆ ಬೇರೆ ಗಾಡಿಯೇ ಇಲ್ಲದಿದ್ದ ಕಾಲದಲ್ಲಿ ಅವರ ಶೆಡ್ಡಿನ ಮುಂದೆ ಅವು ಸಾಲುಗಟ್ಟಿ ನಿಂತಿರುತ್ತಿದ್ದವು. ಫೋನಿನ ಹತ್ತಿರಕ್ಕೆ ಮುಖ ತಂದು ನೋಡಿ, ತುಕ್ಕಿನ ಮಾತೇ ಎತ್ತಲಿಲ್ಲ.

"ಲೋ, ಕಟ್ ಮಾಡೋಕ್ ಮುಂಚೆ ಬಾಗ್ಲು ಹಾಕಿ ನೋಡ್ದಾ? ಸಂದು ಮೇಲಿಂದ ಕೆಳಗಂಟ ಒಂದೇ ಸಮ ಐತಾ?"

"ಐತೆ ಮಾವ."

"ಹಂಗಾದ್ರೆ ಅದರ ಅಳತೆ ಬರ್ಕೊ. ಒಳಗಡೆ ಬಾಗ್ಲಿಗೆ ಅಡ್ಡ ಆಂಗ್ಲರ್ ಇಟ್ಟು ಟ್ಯಾಕ್ ಹೊಡಿ. ಆಮೇಲ್ ಕಟ್ ಮಾಡು. ಈ ಕಡೆ ಮುಗಿಯೋಗಂಟ ಆ ಕಡೆ ಮುಟ್ಬೇಡ. ಗಾಡಿ ಬಗ್ತು ಅಂದ್ರೆ ಬಾಗ್ಲೇ ಹೇಳ್ತದೆ."

ಈ ಮಾದರಿಯ ವ್ಯಾನನ್ನು ಅವರು ಕಣ್ಣಿಂದ ಕಂಡವರಲ್ಲ. ಇಲ್ಲಿನ ಕೈಪಿಡಿಗಳು ಹೇಳುವುದೂ ಅದನ್ನೇ, ಇದೇ ಕ್ರಮದಲ್ಲಿ.

2023 ನವೆಂಬರ್ 18, ಶನಿವಾರ

ಒಳ ಸಿಲ್, ಮಧ್ಯದ ಪದರ ಕೂತವು. ಈ ವಾರದ ಕೆಲಸವನ್ನು ವಿವರವಾಗಿ ಬರೆದಿಡುತ್ತೇನೆ, ಬಲಗಡೆಗೂ ಇದೇ ಬೇಕಾಗುತ್ತದೆ.

ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಿ, ಪೆಟ್ರೋಲ್ ಟ್ಯಾಂಕನ್ನೇ ಇಳಿಸಿದ್ದೆವು. ಕಾರ್ಖಾನೆಯವರು ಹಾಕಿದ ಸ್ಪಾಟ್ ವೆಲ್ಡ್‌ಗಳು ತಗಡಿನ ಮೇಲೆ ಸಣ್ಣ ಗುಳಿಗಳಾಗಿ ಕಾಣುತ್ತವೆ. ಒಂದೊಂದನ್ನೂ ಡ್ರಿಲ್ಲಿನಿಂದ ಬಿಡಿಸಿದರೆ ಹಳೆಯ ತಗಡು ಅಂಚು ಸಮೇತ ಬಿಟ್ಟುಕೊಳ್ಳುತ್ತದೆ, ಹೊಸದಕ್ಕೆ ಸಮನಾದ ಜಾಗ ಸಿಗುತ್ತದೆ. ಹೊಸ ತಗಡಿನ ಅಂಚಿನಲ್ಲಿ ಆರು ಮಿಲಿಮೀಟರಿನ ತೂತುಗಳನ್ನು ಕೊರೆದು, ಅವುಗಳ ಮೂಲಕ ಕೆಳಗಿನ ತಗಡಿಗೆ ವೆಲ್ಡ್ ತುಂಬಿಸಬೇಕು. ತಗಡು ಒಂದು ಮಿಲಿಮೀಟರಿನ ಆಸುಪಾಸು, ತಂತಿ 0.6, ಗ್ಯಾಸು ಆರ್ಗಾನ್ ಜೊತೆಗೆ ಸ್ವಲ್ಪ ಕಾರ್ಬನ್ ಡೈಆಕ್ಸೈಡ್. ಉದ್ದಕ್ಕೆ ಎಳೆದುಕೊಂಡು ಹೋದರೆ ಕಾವಿಗೆ ತಗಡು ಸೊಟ್ಟಗಾಗುತ್ತದೆ. ಇಲ್ಲೊಂದು, ಅಲ್ಲೊಂದು, ನಡುವೆ ಆರಲು ಬಿಟ್ಟು ಇನ್ನೊಂದು. ಒಳಮೈಗೆ ಸತುವಿನ ಪ್ರೈಮರ್ ಮೊದಲೇ ಹಚ್ಚಿರಬೇಕು, ಪೆಟ್ಟಿಗೆ ಮುಚ್ಚಿದ ಮೇಲೆ ಬ್ರಷ್ಷು ಅಲ್ಲಿಗೆ ಹೋಗುವುದೇ ಇಲ್ಲ.

ಗಾಳಿ ದೊಡ್ಡ ಶತ್ರು. ಡ್ರೈವ್‌ವೇಯಲ್ಲಿ ಟಾರ್ಪಾಲು ಕಟ್ಟಿದ್ದರೂ ಸಂದಿಯಿಂದ ನುಗ್ಗಿ ವೆಲ್ಡ್ ಮೇಲಿನ ಗ್ಯಾಸನ್ನು ಹಾರಿಸುತ್ತದೆ. ಗ್ಯಾಸು ತಪ್ಪಿದ ವೆಲ್ಡು ಜೇನುಗೂಡಾಗುತ್ತದೆ. ಅಂಥದ್ದು ಕಂಡಲ್ಲೆಲ್ಲ ಉಜ್ಜಿ ತೆಗೆದು ಮತ್ತೆ ತುಂಬಿದೆವು. ಮಗಳು ಬಕೆಟ್ ನೀರು, ಬೆಂಕಿ ಆರಿಸುವ ಸಿಲಿಂಡರು ಪಕ್ಕದಲ್ಲಿಟ್ಟುಕೊಂಡು ಒಳಗಡೆಯಿಂದ ಕಾಯುತ್ತಾಳೆ; ಕೆಲಸ ನಿಲ್ಲಿಸಿದ ಮೇಲೂ ಒಂದು ಗಂಟೆ ಯಾರಾದರೂ ಅಲ್ಲೇ ಇರುತ್ತೇವೆ.

ಸಂಜೆ ಆಂಗ್ಲರ್ ಬಿಡಿಸಿ ಬಾಗಿಲು ಹಾಕಿದೆ. ಸಂದು ಬರೆದಿಟ್ಟ ಅಳತೆಯಂತೆಯೇ ಇದೆ. ಆ ಫೋಟೊ ಹಾಸನಕ್ಕೆ ಹೋಯಿತು.

2023 ಡಿಸೆಂಬರ್ 30, ಶನಿವಾರ

ತೇವ, ಕತ್ತಲು. ವೆಲ್ಡಿಂಗ್ ಇಲ್ಲ. ಎಂಜಿನ್ನು ಗ್ಯಾರೇಜಿನ ನೆಲದ ಮೇಲಿದೆ, 1584 ಸಿಸಿ, ಗಾಳಿಯಿಂದಲೇ ತಣಿಯುವಂಥದ್ದು. ಮಗಳಿಗೆ ಇದು ವಿಚಿತ್ರ: ರೇಡಿಯೇಟರ್ ಇಲ್ಲ, ಕೂಲೆಂಟ್ ಇಲ್ಲ, ಆಯಿಲ್ ಫಿಲ್ಟರ್ ಕೂಡ ಇಲ್ಲ, ಬರೀ ಒಂದು ಜಾಲರಿ. ಎರಡೂವರೆ ಲೀಟರ್ ಎಣ್ಣೆಯನ್ನು ಹೊತ್ತುಹೊತ್ತಿಗೆ ಬದಲಿಸುತ್ತಿರಬೇಕು.

ಈ ಎಂಜಿನ್ನಿನ ಪ್ರಾಣ ಇರುವುದು ಸುತ್ತಲಿನ ತಗಡು, ರಬ್ಬರುಗಳಲ್ಲಿ. ಫ್ಯಾನು ಮೇಲಿನ ತಂಪು ಗಾಳಿ ಎಳೆದು ಸಿಲಿಂಡರುಗಳ ಮೇಲೆ ಊದುತ್ತದೆ, ಬಿಸಿಯಾದ ಗಾಳಿ ಕೆಳಗೆ ಹೋಗುತ್ತದೆ. ಮೇಲಿನ ಕೋಣೆಗೂ ಕೆಳಗಿನ ರಸ್ತೆಗೂ ನಡುವೆ ಸುತ್ತ ಒಂದು ರಬ್ಬರ್ ಪಟ್ಟಿ. ಅದು ಹರಿದರೆ ಬಿಸಿಗಾಳಿಯೇ ಮತ್ತೆ ಮೇಲೇರಿ ಫ್ಯಾನಿನ ಬಾಯಿಗೆ ಸೇರುತ್ತದೆ. ನಮ್ಮದರಲ್ಲಿ ಅರ್ಧ ಪಟ್ಟಿಯೇ ಇರಲಿಲ್ಲ, ಹಿಂಬದಿಯ ಒಂದು ತಗಡೂ ಇರಲಿಲ್ಲ. ಎಂಜಿನ್ ಮೇಲಿನ ಕ್ರೋಮ್ ಮುಚ್ಚಳಗಳು ಮಾತ್ರ ಥಳಥಳ ಹೊಳೆಯುತ್ತಿದ್ದವು. ಅವನ್ನು ತೆಗೆದು ಮೂಲದ ಕಪ್ಪು ತಗಡುಗಳನ್ನು ಹುಡುಕಿ ತರಿಸಿದ್ದೇನೆ. ವಾಲ್ವ್ ಸಂದು 0.15 ಮಿಲಿಮೀಟರ್, ಎಂಜಿನ್ ಪೂರ್ತಿ ತಣ್ಣಗಿರುವಾಗ. ಅದನ್ನು ಇಟ್ಟದ್ದು ಮಗಳು, ನಾನು ಟಾರ್ಚು ಹಿಡಿದೆ.

2024 ಫೆಬ್ರುವರಿ 17, ಶನಿವಾರ

ಪೆಟ್ರೋಲ್ ಪೈಪುಗಳು. ಇವತ್ತು ಬೇರೆ ಏನೂ ಮಾಡಲಿಲ್ಲ, ಮಾಡಲೂಬಾರದು.

ಈ ಜಾತಿಯ ವ್ಯಾನುಗಳು ತುಕ್ಕಿನಿಂದ ನಿಧಾನವಾಗಿ ಸಾಯುತ್ತವೆ, ಬೆಂಕಿಯಿಂದ ನಿಮಿಷಗಳಲ್ಲಿ. ಟ್ಯಾಂಕೂ ಎಂಜಿನ್ನೂ ಹಿಂದೆ ಅಕ್ಕಪಕ್ಕ. ನಡುವಿನ ರಬ್ಬರ್ ಪೈಪು ತಗಡಿನ ತೂತಿನೊಳಗೆ ನುಸುಳಿ ಬರುವಲ್ಲಿ ಉಜ್ಜಿ ಉಜ್ಜಿ ಸವೆಯುತ್ತದೆ. ಹಳೆಯ ಬಟ್ಟೆ ಹೊದಿಕೆಯ ಪೈಪಂತೂ ಮೇಲೆ ಚೆನ್ನಾಗಿ ಕಂಡು ಒಳಗೆ ಬಿರಿದಿರುತ್ತದೆ. 2021ರ ಸೆಪ್ಟೆಂಬರಿನಿಂದ ಇಲ್ಲಿನ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 10ರವರೆಗೆ ಎಥನಾಲ್ ಇರುವುದರಿಂದ ಹಳೆಯ ರಬ್ಬರಿಗೆ ಅದೂ ಆಗಿಬರುವುದಿಲ್ಲ. ಎಂಜಿನ್ ಕೇಸು ಮೆಗ್ನೀಸಿಯಮ್ ಮಿಶ್ರಲೋಹದ್ದು; ಅದಕ್ಕೆ ಬೆಂಕಿ ತಗುಲಿದರೆ ನೀರು ಸುರಿದು ಆರಿಸಲಾಗದು.

ಎಥನಾಲ್ ತಡೆಯುವ ಹೊಸ ಪೈಪು, ಹೊಸ ಕ್ಲಿಪ್ಪು, ತಗಡಿನ ತೂತಿಗೆ ರಬ್ಬರ್ ಗ್ರಾಮೆಟ್. ಡಿಸ್ಟ್ರಿಬ್ಯೂಟರಿನ ನೆತ್ತಿಯ ಮೇಲೆ ತೂಗುತ್ತಿದ್ದ ಪ್ಲಾಸ್ಟಿಕ್ ಫಿಲ್ಟರನ್ನು ಅಲ್ಲಿಂದ ಕಿತ್ತು ಟ್ಯಾಂಕಿನ ಬಳಿ ಹಾಕಿದೆ. ಕಾರ್ಬ್ಯುರೇಟರಿನ ಹಿತ್ತಾಳೆ ನಳಿಗೆ ಅಲ್ಲಾಡುತ್ತಿತ್ತು, ಅದನ್ನೂ ಭದ್ರಪಡಿಸಿದೆ. ಕಾವು ಮುಟ್ಟಿದರೆ ತಾನೇ ಒಡೆಯುವ ಬೆಂಕಿನಂದಕ ಎಂಜಿನ್ ಕೋಣೆಯಲ್ಲಿ ಕೂತಿದೆ. ಇವಳು ಖರ್ಚಿನ ಲೆಕ್ಕ ನೋಡಿ ಈ ಸಾಲಿಗೆ ಏನೂ ಅನ್ನಲಿಲ್ಲ.

ಸ್ಟೌ ಬಗ್ಗೆಯೂ ಇವತ್ತೇ ಮಾತಾಯಿತು. ಅಡುಗೆ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ನಿಲ್ಲುತ್ತದೆ. ಸಿಲಿಂಡರ್ ಗೂಡಿನ ತಳದ ತೂತನ್ನು ಯಾರೋ ಚಳಿಗೆ ಮುಚ್ಚಿದ್ದರು. ತೆರೆದೆ. ಪೈಪಿನ ಜೋಡಣೆ ಮಾತ್ರ ಲೈಸೆನ್ಸ್ ಇರುವವರ ಕೈಯಲ್ಲೇ.

2024 ಏಪ್ರಿಲ್ 9, ಮಂಗಳವಾರ

ಯುಗಾದಿ. ರಜೆ ಹಾಕಿದ್ದೆ. ಒಬ್ಬಟ್ಟು ತಿಂದು ಬಲಗಡೆಯ ಹೊರ ಸಿಲ್‌ಗೆ ಪ್ರೈಮರ್ ಹೊಡೆದೆವು. ಬೂದು ಮೈಯಲ್ಲೂ ವ್ಯಾನು ಚೆನ್ನಾಗಿಯೇ ಕಾಣುತ್ತದೆ.

2024 ಮೇ 25, ಶನಿವಾರ

ಈ ವಾರ ಎಂಒಟಿ, ಅಂದರೆ ಗಾಡಿ ರಸ್ತೆಗೆ ಯೋಗ್ಯವೇ ಎಂದು ನೋಡುವ ತಪಾಸಣೆ, ಮಾಡಿಸಿದೆವು. ದೊಡ್ಡ ಬದಲಾವಣೆ ಆಗದ, ನಲವತ್ತು ವರ್ಷ ದಾಟಿದ ಗಾಡಿಗಳಿಗೆ 2018ರ ಮೇ ತಿಂಗಳಿಂದ ಅದು ಕಡ್ಡಾಯವಲ್ಲ. ನನಗೆ ಆ ವಿನಾಯಿತಿ ಬೇಡವಾಗಿತ್ತು. ವೆಲ್ಡ್ ಮಾಡಿದ ಕೈಯೇ ಅದು ಸರಿಯಿದೆ ಎಂದರೆ ಸಾಲದು, ಗೊತ್ತಿರುವ ಇನ್ನೊಬ್ಬರು ಕೆಳಗೆ ನಿಂತು ನೋಡಬೇಕು.

ತಪಾಸಿಗರು ಗಾಡಿಯನ್ನು ಮೇಲೆತ್ತಿ ಸಿಲ್ ಉದ್ದಕ್ಕೂ ಕುಟ್ಟುತ್ತಾ ಬಂದರು. ಸೀಟ್ ಬೆಲ್ಟ್, ಸಸ್ಪೆನ್ಷನ್‌ಗಳ ಬುಡದ ಮೂವತ್ತು ಸೆಂಟಿಮೀಟರಿನ ಒಳಗೆ ತುಕ್ಕಿನಿಂದ ಬಲ ಕುಗ್ಗಿದ್ದರೆ ಫೇಲು ಎಂಬುದು ನಿಯಮ. ಎಲ್ಲ ಕಡೆ ಗಟ್ಟಿ ಸದ್ದು. ಹಿಂದಿನ ಎಡ ಬ್ರೇಕು ಬಲಕ್ಕಿಂತ ಕೊಂಚ ಕಡಿಮೆ ಹಿಡಿಯುತ್ತದೆ, ಪಾಸಾಗುವಷ್ಟು ಇದೆ, ಆದರೂ ನೋಡಿಕೊಳ್ಳಿ ಎಂದರು. ಆಮೇಲೆ ಅವರೂ ಕೇಳಿದರು, ಯಾವ ಬಣ್ಣ ಎಂದು. ಕಿತ್ತಳೆ, ಮೂಲದ್ದೇ, ಎಂದಳು ಮಗಳು.

ಬಣ್ಣಕ್ಕೆ ಮುಂಚೆ ಆ ಬ್ರೇಕ್ ಡ್ರಮ್ ಬಿಚ್ಚಬೇಕು. ಸಿಲ್‌ಗಳ ಒಳಗೆ ಮೇಣ ಚಿಮ್ಮಿಸುವುದು ಈ ಬಿಸಿಲಲ್ಲೇ ಆಗಬೇಕು, ತೆಳ್ಳಗಾಗಿ ಮೂಲೆಮೂಲೆಗೂ ಹರಿಯಲು. ಕೆಳಗಿನ ನೀರು ಹೋಗುವ ತೂತುಗಳು ತೆರೆದಿವೆಯೇ ಎಂದು ತಂತಿ ಹಾಕಿ ನೋಡುವುದು ಮಗಳ ಪಾಲಿಗೆ. ಜೂನ್ ಮುಗಿಯುವುದರೊಳಗೆ ಸಿಡ್‌ಮತ್‌ಗೆ ಹೋಗಿಬರೋಣ ಎನ್ನುತ್ತಾಳೆ ಇವಳು, ಪ್ರೈಮರ್ ಬಣ್ಣದಲ್ಲೇ ಆದರೂ ಸರಿ.